ಜೇಕಿನ ಮೇಲೆ ಟಿಲ್ಲರ್ ಓಡಿಸುವ ಮುನ್ನ

ಉಡುಪಿಯ ಶಂಕರಪುರ ಕಡೆಯ ಮಲ್ಲಿಗೆ ತೋಟದವರದ್ದು ಮಳೆಗಾಲ ಮುಗಿಯುವ ಹೊತ್ತಿಗೆ ಒಂದೇ ಪ್ರಶ್ನೆ: "ಜೇಕು ತೆಗೆದಷ್ಟೂ ಜಾಸ್ತಿ ಆಗ್ತಾ ಉಂಟು, ಯಾವ ಮದ್ದು ಬಿಡುವುದು?" ಮದ್ದಿನ ಮಾತು ಆಮೇಲೆ. ಮೊದಲು ಈ ಕಳೆಯ ಮೇಲೆ ಮಣ್ಣು ಉಳುವ ಟಿಲ್ಲರ್ ಓಡಿಸುವುದು ನಿಲ್ಲಿಸಿ.

ಹೂದಂಟನ್ನು ಬೆರಳಲ್ಲಿ ಹೊರಳಿಸಿ. ಮೂರು ಏಣು ತಾಗಿದರೆ ಅದು ಹುಲ್ಲಲ್ಲ, ಜೇಕು. ಹುಲ್ಲಿನ ಮದ್ದು ಕ್ವಿಜಾಲೊಫಾಪ್ ಹೊಡೆದರೆ ಗರಿಕೆ ಸತ್ತು ಜೇಕಿಗೆ ಜಾಗ ಬಿಡುವಾಗುತ್ತದೆ, ಅಷ್ಟೇ. ಏಣಿಲು, ಅಂದರೆ ಮಳೆಗಾಲದ ಭತ್ತದ ಗದ್ದೆಯಲ್ಲಿ ಬರುವ ಜೇಕು ಸೈಪರಸ್ ಇರಿಯಾ ಬೀಜದಿಂದ ಹುಟ್ಟುವಂಥದ್ದು. ಹೂ ಬಿಡುವ ಮೊದಲು ಕಿತ್ತರೆ ಮುಗಿಯಿತು. ತೋಟದಲ್ಲಿ ಕಾಡುವುದು ಅದೇ ಕುಲದ ಸೈಪರಸ್ ರೋಟಂಡಸ್, ಅಂದರೆ ಕೊನ್ನಾರಿ ಗಡ್ಡೆ.

ಒಂದು ಗಿಡದ ಸುತ್ತ ಮಣ್ಣನ್ನು ನಿಧಾನಕ್ಕೆ ಬಿಡಿಸಿ ನೋಡಿ. ತಂತಿಯಂಥ ಎಳೆಯಲ್ಲಿ ಕಪ್ಪು ಗಡ್ಡೆಗಳು ಒಂದರ ಹಿಂದೆ ಒಂದು ಇರುತ್ತವೆ. ಮುರಿದರೆ ಒಳಗೆ ಬಿಳಿ, ಘಮ ಮೂಗಿಗೆ ಹೊಡೆಯುತ್ತದೆ. ಸಾಲು ಕಡಿಯದೆ ಇರುವಷ್ಟು ದಿನ ತುದಿಯದ್ದು ಚಿಗುರಿ, ಹಿಂದಿನ ಹೆಚ್ಚಿನವು ಮೊಳೆಯದೆ ಮಲಗಿರುತ್ತವೆ. ಟಿಲ್ಲರಿನ ಅಲಗು ಎಳೆ ಕಡಿದ ಮೇಲೆ ಒಂದೊಂದೂ ಬೇರೆ ಗಿಡ. ಕೈಯಲ್ಲಿ ಎಳೆದರೂ ಬರುವುದು ಸೊಪ್ಪು ಮಾತ್ರ, ಗಡ್ಡೆ ಕೆಳಗೇ. ಇಷ್ಟು ಹೇಳಿ ಕಳಿಸಿದರೂ ಮುಂದಿನ ವಾರ ಬಾಡಿಗೆ ಟಿಲ್ಲರ್ ಬಂದಿರುತ್ತದೆ!

ಚಿಗುರು ಮೇಲೆ ಬಂದ ಸುಮಾರು ಮೂರು ವಾರಕ್ಕೆ ಹೊಸ ಗಡ್ಡೆ ಕಟ್ಟಲು ಶುರುವಾಗುತ್ತದೆ. ಆದ್ದರಿಂದ ಎರಡು ವಾರಕ್ಕೊಮ್ಮೆ ನೆಲದಿಂದ ತುಸು ಕೆಳಗೆ ಹೆರೆಯಿರಿ. ಮತ್ತೆ ಮತ್ತೆ ಚಿಗುರಿ ಗಡ್ಡೆ ಸೊರಗಬೇಕು. ನಡುವೆ ಒಂದು ತಿಂಗಳು ಬಿಟ್ಟರೆ ಮೊದಲಿನಿಂದ ಲೆಕ್ಕ. ಒಂದು ವರ್ಷಕ್ಕೆ ಮುಗಿಯುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಕಪ್ಪು ಪ್ಲಾಸ್ಟಿಕ್ ಹೊದಿಸಿ ದುಡ್ಡು ಕಳೆಯಬೇಡಿ, ಜೇಕಿನ ಚೂಪು ಮೊಳಕೆ ಅದನ್ನು ತೂತು ಮಾಡಿಕೊಂಡು ಬರುತ್ತದೆ.

ಟಿಲ್ಲರಿಗೆ ಕೆಲಸವಿರುವುದು ಗಿಡ ನೆಡದ ಖಾಲಿ ಜಾಗದಲ್ಲಿ, ಅದೂ ಮಾರ್ಚ್-ಏಪ್ರಿಲ್ ಬಿಸಿಲಿಗೆ. ಅರ್ಧ ಅಡಿ ಆಳ ಉತ್ತು, ಗಡ್ಡೆ ಮೇಲೆ ಬರುವಂತೆ ತಿರುವಿ, ಎರಡು ವಾರ ಹನಿ ನೀರೂ ಬೀಳದಂತೆ ನೋಡಿಕೊಂಡರೆ ಬಹುಪಾಲು ಒಣಗಿ ಸಾಯುತ್ತವೆ. ದಿನಾ ನೀರು ಬಿಡುವ ಮಲ್ಲಿಗೆ ಬುಡದಲ್ಲಿ ಇದು ಆಗದ ಮಾತು.

ಇನ್ನು ಮದ್ದು. ಹಾಲೊಸಲ್ಫ್ಯೂರಾನ್ ಮೀಥೈಲ್ ಜೇಕಿಗೆ ನಾಟುತ್ತದೆ, ನಿಜ. ಆದರೆ ಅದು ಕಬ್ಬು, ಮೆಕ್ಕೆಜೋಳದಂಥ ಬೆಳೆಗೆ ಇರುವಂಥದ್ದು. ಅಗಲ ಎಲೆಯ ಗಿಡಕ್ಕೆ ತಾಗಿದರೆ ಪೆಟ್ಟು. ಮಲ್ಲಿಗೆ ನಡುವೆ ಬಿಡಿ ಎಂದು ನಾನಂತೂ ಬರೆದುಕೊಡುವುದಿಲ್ಲ.

ಹೊಸ ಮಣ್ಣು ತರಿಸುವಾಗ ಟೆಂಪೊ ಇಳಿಸುವ ಮೊದಲೇ ಒಂದು ಬುಟ್ಟಿ ಜರಡಿ ಹಿಡಿಯಿರಿ. ಕಡಲೆಗಿಂತ ತುಸು ದೊಡ್ಡ ಕಪ್ಪು ಗಡ್ಡೆ ಸಿಕ್ಕಿದರೆ ಹಾಗೆಯೇ ವಾಪಸು ಕಳಿಸಿ.