ಏಳು ವೋಟು ಕಮ್ಮಿ ಬಿದ್ದ ಶಾಂತಿ: ವುಡ್ರೊ ವಿಲ್ಸನ್ ಕುರಿತು ಒಂದು ಟಿಪ್ಪಣಿ

ವುಡ್ರೊ ವಿಲ್ಸನ್ ಬಗ್ಗೆ ನಾವು ಬಾಯಿಪಾಠ ಮಾಡುವುದು ಮೂರೇ ಸಾಲು. ಹದಿನಾಲ್ಕು ಅಂಶ ಮಂಡಿಸಿದರು, ಯುದ್ಧ ತಡೆಯಲು ದೇಶಗಳೆಲ್ಲ ಸೇರುವ ರಾಷ್ಟ್ರಸಂಘ ಕಟ್ಟಿಸಿದರು, ಅಮೆರಿಕವೇ ಅದಕ್ಕೆ ಸೇರಲಿಲ್ಲ. ಮೂರನೆಯ ಸಾಲಿಗೆ ಬಂದಾಗೆಲ್ಲ ನನಗೆ ತಲೆ ಕೆಡುತ್ತಿತ್ತು. ಊರಿಗೆಲ್ಲ ಊಟಕ್ಕೆ ಕರೆದು ತಾನೇ ಎಲೆ ಬಿಟ್ಟು ಎದ್ದ ಹಾಗೆ ಅಲ್ವಾ ಇದು? ಪರೀಕ್ಷೆಯಲ್ಲಿ "ಸೆನೆಟ್ ಒಪ್ಪಲಿಲ್ಲ" (ಸೆನೆಟ್ ಅಂದರೆ ಅಮೆರಿಕ ಸಂಸತ್ತಿನ ಮೇಲ್ಮನೆ) ಅಂತ ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ. ಒಂದು ದಿನ ಆ ಮತದ ಲೆಕ್ಕ ಬಿಡಿಸಿ ನೋಡಿದೆ. ಬೇರೆಯೇ ಉತ್ತರ ಕಾಣಿಸಿತು. ಅದಕ್ಕೆ ಮುಂಚೆ ಹಿಂದಿನದ್ದು ಸ್ವಲ್ಪ ನೋಡೋಣ.

ಮೇಷ್ಟರು ಯುದ್ಧಕ್ಕೆ ಹೊರಟದ್ದು

ವಿಲ್ಸನ್ ಮೂಲದಲ್ಲಿ ಮೇಷ್ಟರು. ಪಾದ್ರಿಯ ಮಗ, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮುಖ್ಯಸ್ಥ, ಆಮೇಲೆ ನ್ಯೂಜೆರ್ಸಿಯ ಗವರ್ನರ್, 1912ರ ಚುನಾವಣೆ ಗೆದ್ದು ಅಮೆರಿಕದ 28ನೇ ಅಧ್ಯಕ್ಷ. ಮಾತು ಚೆನ್ನ, ಬರವಣಿಗೆಯೂ ಚೆನ್ನ, ತಾನು ಹಿಡಿದದ್ದೇ ಸರಿ ಅನ್ನುವ ನಂಬಿಕೆ ಮಾತ್ರ ಸ್ವಲ್ಪ ಜಾಸ್ತಿ. ಈ ಕೊನೆಯ ಗುಣ ನೆನಪಿರಲಿ, ಮುಂದೆ ಬೇಕಾಗುತ್ತದೆ.

1914ರ ಆಗಸ್ಟ್‌ನಲ್ಲಿ ಯುರೋಪಿಗೆ ಬೆಂಕಿ ಬಿದ್ದಾಗ ಅವರು ಅಮೆರಿಕ ತಟಸ್ಥ ಅಂದರು. ಕಾಗದದ ಮೇಲೆ ತಟಸ್ಥವೇ, ಆದರೆ ಬ್ರಿಟಿಷ್ ನೌಕಾಪಡೆ ಜರ್ಮನಿಯ ದಾರಿ ಮುಚ್ಚಿದ್ದರಿಂದ ಸರಕು, ಸಾಲ ಎರಡೂ ಬ್ರಿಟನ್ ಮತ್ತು ಫ್ರಾನ್ಸ್ ಕಡೆಗೇ ಹರಿಯುತ್ತಿದ್ದವು. 1915ರ ಮೇ 7ರಂದು ಜರ್ಮನ್ ಜಲಾಂತರ್ಗಾಮಿಯೊಂದು ಲುಸಿಟಾನಿಯಾ ಹಡಗನ್ನು ಮುಳುಗಿಸಿತು. ಸತ್ತ ಸುಮಾರು 1,200 ಜನರಲ್ಲಿ 128 ಮಂದಿ ಅಮೆರಿಕನ್ನರು. ಆಗಲೂ ವಿಲ್ಸನ್ ಯುದ್ಧಕ್ಕೆ ಇಳಿಯದೆ ಜರ್ಮನಿಗೆ ಖಾರವಾದ ಪತ್ರ ಬರೆದರು. 1916ರಲ್ಲಿ "ನಮ್ಮನ್ನು ಯುದ್ಧದಿಂದ ದೂರ ಇಟ್ಟವರು" ಅನ್ನುವ ಘೋಷಣೆಯ ಮೇಲೆಯೇ ಎರಡನೇ ಸಲ ಗೆದ್ದರು. ಕ್ಯಾಲಿಫೋರ್ನಿಯಾದಲ್ಲಿ ಅಂತರ ನಾಲ್ಕು ಸಾವಿರ ವೋಟಿಗಿಂತ ಕಮ್ಮಿ. ಅದು ಕೈತಪ್ಪಿದ್ದರೆ ಇಡೀ ಚುನಾವಣೆಯೇ ಹೋಗುತ್ತಿತ್ತು.

1917ರ ಜನವರಿ 22ರಂದು ಸೆನೆಟ್‌ನಲ್ಲಿ ನಿಂತು, ಯಾರೂ ಗೆಲ್ಲದ ಶಾಂತಿ ಬೇಕು ಅಂದರು. ಗೆದ್ದವರು ಹೇರಿದ ಶಾಂತಿ ಮರಳಿನ ಮೇಲೆ ನಿಂತ ಹಾಗೆ ಅನ್ನುವುದು ಅವರ ವಾದ. ಹತ್ತು ದಿನ ಕಳೆಯುವುದರೊಳಗೆ ಜರ್ಮನಿ ಕಂಡ ಹಡಗುಗಳನ್ನೆಲ್ಲ ಮುಳುಗಿಸುವ ನೀತಿಗೆ ಮರಳಿತು. ಮೇಲಿಂದ ಝಿಮ್ಮರ್‌ಮನ್ ತಂತಿ ಬೇರೆ. ನಮ್ಮ ಕಡೆ ಸೇರಿದರೆ ಟೆಕ್ಸಾಸ್, ನ್ಯೂಮೆಕ್ಸಿಕೊ, ಅರಿಜೋನಾ ವಾಪಸ್ ಪಡೆಯಬಹುದು ಅಂತ ಜರ್ಮನಿ ಮೆಕ್ಸಿಕೊಗೆ ಆಸೆ ತೋರಿಸಿದ ಗುಪ್ತ ಸಂದೇಶ ಅದು. ಮಾರ್ಚ್ 1ರ ಪತ್ರಿಕೆಗಳಲ್ಲಿ ಬಯಲಾಯಿತು. ಏಪ್ರಿಲ್ 2ರಂದು ವಿಲ್ಸನ್ ಯುದ್ಧಕ್ಕೆ ಒಪ್ಪಿಗೆ ಕೇಳಿದರು, 6ರಂದು ಘೋಷಣೆಯಾಯಿತು. ಸೆನೆಟ್‌ನಲ್ಲಿ 82ಕ್ಕೆ 6, ಕೆಳಮನೆಯಲ್ಲಿ 373ಕ್ಕೆ 50. ಬೇಡ ಅಂದ ಐವತ್ತು ಮಂದಿಯಲ್ಲಿ ಜೀನೆಟ್ ರ‍್ಯಾಂಕಿನ್ ಒಬ್ಬರು. ಅಮೆರಿಕದ ಕಾಂಗ್ರೆಸ್‌ಗೆ, ಅಂದರೆ ಅಲ್ಲಿನ ಸಂಸತ್ತಿಗೆ, ಆಯ್ಕೆಯಾದ ಮೊದಲ ಮಹಿಳೆ ಅವರು.

ಯುದ್ಧ ನಡೆಸಿದ ರೀತಿಯಲ್ಲಿ ವಿಲ್ಸನ್‌ಗೆ ಒಳ್ಳೆ ಅಂಕ ಕೊಡಬಹುದು. ಕಾರಣ ಸರಳ: ಕೆಲಸ ಬಲ್ಲವರ ಕೈಗೆ ಕೊಟ್ಟು ಸುಮ್ನೆ ಇದ್ದರು. ಸೈನ್ಯ ಪರ್ಶಿಂಗ್ ಕೈಗೆ, ಕಾರ್ಖಾನೆಗಳ ಉಸ್ತುವಾರಿ ಬರೂಕ್ ಕೈಗೆ, ಆಹಾರ ಹೂವರ್ ಕೈಗೆ. ವಾರದಲ್ಲಿ ಒಂದು ದಿನ ಮಾಂಸ ಬಿಡಿ, ಒಂದು ದಿನ ಗೋಧಿ ಬಿಡಿ ಅಂತ ಹೂವರ್ ಮನೆಮನೆಗೂ ಹೇಳಿಸಿದರು. ಕಡ್ಡಾಯ ಸೇನಾ ಭರ್ತಿಯಿಂದ ಸುಮಾರು 28 ಲಕ್ಷ ಜನ ಬಂದರು, ಒಟ್ಟು 20 ಲಕ್ಷದಷ್ಟು ಸೈನಿಕರು ಫ್ರಾನ್ಸ್ ತಲುಪಿದರು. ಇಲ್ಲೊಂದು ಸಣ್ಣ ವಿಷಯ, ಪರೀಕ್ಷೆಗೆ ಉಪಯೋಗ: ಅಮೆರಿಕ "ಮಿತ್ರರಾಷ್ಟ್ರ" ಅನ್ನಿಸಿಕೊಳ್ಳಲಿಲ್ಲ, "ಸಹಭಾಗಿ ರಾಷ್ಟ್ರ" ಅಂತಲೇ ಉಳಿಯಿತು. ಬ್ರಿಟನ್, ಫ್ರಾನ್ಸ್ ಮಾಡಿಕೊಂಡಿದ್ದ ಗುಪ್ತ ಒಪ್ಪಂದಗಳಿಗೆ ತಾನು ಕಟ್ಟುಬೀಳಬಾರದು ಅನ್ನುವುದು ವಿಲ್ಸನ್ ಲೆಕ್ಕ.

ಇದರ ಇನ್ನೊಂದು ಮುಖವನ್ನೂ ಬರೆಯಲೇಬೇಕು. ಪ್ರಜಾಪ್ರಭುತ್ವ ಉಳಿಸಲು ಹೊರಟ ಸರ್ಕಾರ ಮನೆಯಲ್ಲಿ ಬಾಯಿಗೆ ಬೀಗ ಹಾಕಿತು. ಯುದ್ಧದ ವಿರುದ್ಧ ಓಹಿಯೊದ ಕ್ಯಾಂಟನ್‌ನಲ್ಲಿ ಮಾಡಿದ ಒಂದು ಭಾಷಣಕ್ಕೆ ಸಮಾಜವಾದಿ ನಾಯಕ ಯೂಜೀನ್ ಡೆಬ್ಸ್‌ಗೆ ಹತ್ತು ವರ್ಷ ಜೈಲು. ಯುದ್ಧ ಮುಗಿದ ಮೇಲೂ ವಿಲ್ಸನ್ ಕ್ಷಮಿಸಲಿಲ್ಲ. ಡೆಬ್ಸ್ ಜೈಲಿನಿಂದಲೇ 1920ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತು ಒಂಬತ್ತು ಲಕ್ಷಕ್ಕೂ ಹೆಚ್ಚು ವೋಟು ಪಡೆದರು!

ಹದಿನಾಲ್ಕನ್ನು ನೆನಪಿಡುವ ಬಗೆ

1918ರ ಜನವರಿ 8ರ ಭಾಷಣ. ಹದಿನಾಲ್ಕನ್ನೂ ಉರು ಹೊಡೆಯಬೇಡಿ, 5 + 8 + 1 ಅಂತ ಇಟ್ಟುಕೊಳ್ಳಿ. ಮೊದಲ ಐದು ಎಲ್ಲರಿಗೂ ಅನ್ವಯಿಸುವ ತತ್ವಗಳು: ಗುಪ್ತ ಒಪ್ಪಂದ ಬೇಡ, ಸಮುದ್ರ ಎಲ್ಲರಿಗೂ ಮುಕ್ತ, ವ್ಯಾಪಾರಕ್ಕೆ ಅಡ್ಡಗೋಡೆ ಬೇಡ, ಶಸ್ತ್ರಾಸ್ತ್ರ ಕಮ್ಮಿ ಮಾಡಿ, ವಸಾಹತುಗಳ ವಿಚಾರದಲ್ಲಿ ಅಲ್ಲಿನ ಜನರ ಹಿತವನ್ನೂ ತೂಗಿ ನೋಡಿ. ಮುಂದಿನ ಎಂಟು ಜಾಗಕ್ಕೆ ಸಂಬಂಧಿಸಿದವು: ರಷ್ಯಾ, ಬೆಲ್ಜಿಯಂ, ಅಲ್ಸೇಸ್-ಲೊರೇನ್‌ನಿಂದ ಹಿಡಿದು ಪೋಲೆಂಡ್‌ವರೆಗೆ. ಕೊನೆಯದೊಂದು ರಾಷ್ಟ್ರಸಂಘ. ಸ್ವಯಂನಿರ್ಣಯ ಅನ್ನುವ ಪದ ಈ ಹದಿನಾಲ್ಕರಲ್ಲಿ ಎಲ್ಲೂ ಇಲ್ಲ. ಅದನ್ನು ಅವರು ಬಳಸಿದ್ದು ಮರುತಿಂಗಳ ಇನ್ನೊಂದು ಭಾಷಣದಲ್ಲಿ. ನಾನೂ ಬಹಳ ದಿನ ತಪ್ಪಾಗಿಯೇ ಬರೆಯುತ್ತಿದ್ದೆ.

ಮಾತಿಗೆ ಬೆಲೆ ಇತ್ತು. ಅಕ್ಟೋಬರ್‌ನಲ್ಲಿ ಜರ್ಮನಿ ಕದನವಿರಾಮ ಕೇಳಿದ್ದು ಲಂಡನ್ನಿಗಲ್ಲ, ಪ್ಯಾರಿಸ್ಸಿಗಲ್ಲ, ನೇರ ವಿಲ್ಸನ್‌ಗೆ, ಇದೇ ಹದಿನಾಲ್ಕು ಅಂಶಗಳ ಆಧಾರದ ಮೇಲೆ.

ಭಾರತದ ಕಿವಿಗೂ ಈ ಮಾತು ಬಿದ್ದಿತ್ತು. ಮದ್ರಾಸಿನ ನಿವೃತ್ತ ನ್ಯಾಯಮೂರ್ತಿ ಎಸ್. ಸುಬ್ರಮಣ್ಯ ಅಯ್ಯರ್ 1917ರಲ್ಲೇ ವಿಲ್ಸನ್‌ಗೆ ಪತ್ರ ಬರೆದು ಹೋಮ್ ರೂಲ್‌ಗೆ ಬೆಂಬಲ ಕೇಳಿದ್ದರು. ಅದಕ್ಕೆ ಗದ್ದಲ ಎದ್ದಾಗ ಬ್ರಿಟಿಷರು ಕೊಟ್ಟಿದ್ದ ಬಿರುದನ್ನೇ ಬಿಟ್ಟರು. 1916ರಲ್ಲಿ ನಮ್ಮ ಬೆಳಗಾವಿಯಲ್ಲಿ ಹೋಮ್ ರೂಲ್ ಲೀಗ್ ಶುರು ಮಾಡಿದ್ದ ತಿಲಕರೂ 1919ರಲ್ಲಿ ವಿಲ್ಸನ್‌ಗೆ ಬರೆದರು. ಶಾಂತಿ ಸಮ್ಮೇಳನ ನಡೆಯುತ್ತಿದ್ದ ಪ್ಯಾರಿಸ್‌ಗೆ ಹೋಗಲು ಅವರಿಗೆ ಬ್ರಿಟಿಷರು ಬಿಡಲಿಲ್ಲ. ಭಾರತದ ಹೆಸರಲ್ಲಿ ಅಲ್ಲಿನ ವರ್ಸೇಲ್ಸ್ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದವರು ಬ್ರಿಟಿಷ್ ಮಂತ್ರಿ ಮಾಂಟೆಗು ಮತ್ತು ಬಿಕಾನೇರ್‌ನ ಮಹಾರಾಜ ಗಂಗಾ ಸಿಂಗ್.

ಪ್ಯಾರಿಸ್‌ನಲ್ಲಿ ವಿಲ್ಸನ್ ಒಂದೊಂದಾಗಿ ಬಿಟ್ಟುಕೊಟ್ಟದ್ದೇ ಹೆಚ್ಚು. ಯುದ್ಧದ ಹೊಣೆ, ದಂಡ ಎಲ್ಲ ಜರ್ಮನಿಯ ತಲೆಗೆ ಬಂತು. ಚೀನಾದ ಶಾಂಡೊಂಗ್‌ನಲ್ಲಿ ಜರ್ಮನಿಗಿದ್ದ ಹಕ್ಕುಗಳು ಜಪಾನಿಗೆ ಹೋದವು. ಮೇ 4ರಂದು ಬೀಜಿಂಗ್ ವಿದ್ಯಾರ್ಥಿಗಳು ಬೀದಿಗಿಳಿದದ್ದು ಇದಕ್ಕೇ. ಜನಾಂಗಗಳ ಸಮಾನತೆ ಬರೆಯಿರಿ ಅಂತ ಜಪಾನ್ ಕೇಳಿದಾಗ ಪರವಾಗಿ 17ರಲ್ಲಿ 11 ಮತ ಬಿತ್ತು. ಅಧ್ಯಕ್ಷತೆ ವಹಿಸಿದ್ದ ವಿಲ್ಸನ್, ಎಲ್ಲರೂ ಒಪ್ಪಿಲ್ಲ ಅಂತ ಅದನ್ನು ತಳ್ಳಿಹಾಕಿದರು. ಎಲ್ಲ ತಪ್ಪನ್ನೂ ರಾಷ್ಟ್ರಸಂಘ ಮುಂದೆ ಸರಿಮಾಡುತ್ತದೆ ಅನ್ನುವುದು ಅವರ ಭರವಸೆ.

ಆ ಮತದ ಲೆಕ್ಕ

ಈಗ ಸೆನೆಟ್. ರಾಷ್ಟ್ರಸಂಘದ ನಿಯಮಗಳೂ ವರ್ಸೇಲ್ಸ್ ಒಪ್ಪಂದದೊಳಗೇ ಇದ್ದವು, ಅದು ಪಾಸಾಗಲು ಮೂರನೇ ಎರಡರಷ್ಟು ಮತ ಬೇಕು. 1918ರ ನವೆಂಬರ್‌ನಲ್ಲೇ ಎರಡೂ ಮನೆಗಳು ಎದುರು ಪಕ್ಷದ ರಿಪಬ್ಲಿಕನ್ನರ ಕೈಗೆ ಹೋಗಿದ್ದವು. ಹಾಗಿದ್ದೂ ಪ್ಯಾರಿಸ್‌ಗೆ ಹೋಗುವಾಗ ವಿಲ್ಸನ್ ಒಬ್ಬ ಸೆನೆಟರ್‌ನನ್ನೂ ಜೊತೆಗೆ ಕರೆದುಕೊಂಡು ಹೋಗಲಿಲ್ಲ. ಯುದ್ಧದಲ್ಲಿ ಅಷ್ಟು ಚೆನ್ನಾಗಿ ಕೆಲಸ ಹಂಚಿದ ಮನುಷ್ಯ ಶಾಂತಿಯನ್ನು ಮಾತ್ರ ಒಬ್ಬರೇ ಹೊತ್ತರು.

ವಿದೇಶಾಂಗ ಸಮಿತಿಯ ಅಧ್ಯಕ್ಷ ಹೆನ್ರಿ ಕ್ಯಾಬಟ್ ಲಾಡ್ಜ್. ಅವರಿಗೂ ವಿಲ್ಸನ್‌ಗೂ ಎಣ್ಣೆ ಸೀಗೆಕಾಯಿ. ಲಾಡ್ಜ್ ಇಡೀ ಒಪ್ಪಂದವನ್ನು ಎರಡು ವಾರ ಗಟ್ಟಿಯಾಗಿ ಓದಿ ಕಾಲ ತಳ್ಳಿದರು, ಕೇಳುವವರು ಹೆಚ್ಚಾಗಿ ಇರಲೇ ಇಲ್ಲ. ಆಮೇಲೆ ತಮ್ಮದೂ ಹದಿನಾಲ್ಕು ಷರತ್ತು ಇಟ್ಟರು. ಜಗಳದ ತಿರುಳು 10ನೇ ವಿಧಿ: ಸಂಘದ ಯಾವ ಸದಸ್ಯ ದೇಶದ ಮೇಲೆ ದಾಳಿಯಾದರೂ ಉಳಿದವರು ಅದರ ನೆಲ ಕಾಯಬೇಕು. ಕಾಂಗ್ರೆಸ್ ಒಪ್ಪದೆ ಆ ಹೊಣೆ ನಮಗಿಲ್ಲ ಅಂದರು ಲಾಡ್ಜ್. ಯುದ್ಧ ಘೋಷಿಸುವ ಅಧಿಕಾರ ಸಂವಿಧಾನದಲ್ಲಿ ಹೇಗೂ ಕಾಂಗ್ರೆಸ್‌ನದೇ. ವಿಲ್ಸನ್‌ಗೆ ಅದು ಸಂಘದ ಗುಂಡಿಗೆಯನ್ನೇ ಕಿತ್ತ ಹಾಗೆ ಕಂಡಿತು.

ಜನರಿಗೇ ಹೇಳುತ್ತೇನೆ ಅಂತ 1919ರ ಸೆಪ್ಟೆಂಬರ್ 3ರಂದು ರೈಲು ಹತ್ತಿದರು. ಮೂರು ವಾರದಲ್ಲಿ ಸುಮಾರು ನಲವತ್ತು ಭಾಷಣ, ಹೆಚ್ಚಿನವು ಮೈಕ್ ಇಲ್ಲದೆ, ತಲೆನೋವು ಹೊತ್ತುಕೊಂಡು. 25ರಂದು ಕೊಲರಾಡೊದ ಪ್ಯೂಬ್ಲೊದಲ್ಲಿ, ಪ್ಯಾರಿಸ್ ಪಕ್ಕದ ಸುರೇನ್ ಗುಡ್ಡದ ಮೇಲಿನ ಅಮೆರಿಕನ್ ಸೈನಿಕರ ಸಮಾಧಿಗಳ ಬಗ್ಗೆ ಮಾತಾಡಿದರು. ಅವುಗಳಿಗೆ ಫ್ರೆಂಚ್ ಹೆಂಗಸರು ತಮ್ಮ ಮಕ್ಕಳೆಂಬಂತೆ ಹೂವಿಡುವುದನ್ನು ಹೇಳಿದರು. ಅವತ್ತು ರಾತ್ರಿ ಕುಸಿದರು. ಅಕ್ಟೋಬರ್ 2ಕ್ಕೆ ವಾಷಿಂಗ್ಟನ್‌ನಲ್ಲಿ ಪಾರ್ಶ್ವವಾಯು ಹೊಡೆದು ಎಡಭಾಗ ಸ್ವಾಧೀನ ತಪ್ಪಿತು. ಯಾವ ಕಾಗದ ಅವರ ಹಾಸಿಗೆಗೆ ಹೋಗಬೇಕು ಅಂತ ಹೆಂಡತಿ ಎಡಿತ್ ತೀರ್ಮಾನಿಸುತ್ತಿದ್ದರು. ಷರತ್ತು ಒಪ್ಪಿಬಿಡಿ ಅಂತ ಎಡಿತ್ ಕೂಡ ಕೇಳಿಕೊಂಡರು. ವಿಲ್ಸನ್ ಜಗ್ಗಲಿಲ್ಲ.

ನವೆಂಬರ್ 19ರಂದು ಒಪ್ಪಂದವನ್ನು ಲಾಡ್ಜ್ ಷರತ್ತಿನ ಸಹಿತ ಮತಕ್ಕೆ ಹಾಕಿದರು, ಸೋತಿತು. ಷರತ್ತಿಲ್ಲದೆ ಹಾಕಿದರು, ಅದೂ ಸೋತಿತು. ಕೊನೆಯ ಸಲ 1920ರ ಮಾರ್ಚ್ 19, ಷರತ್ತಿನ ಸಹಿತ. ಪರ 49, ವಿರುದ್ಧ 35. ಒಟ್ಟು 84ರಲ್ಲಿ ಬೇಕಿದ್ದದ್ದು 56, ಅಂದರೆ ಏಳು ಕಮ್ಮಿ. ಆ 35 ಮಂದಿ ಯಾರು? ಏನೇ ಆದರೂ ಸಂಘ ಬೇಡ ಅನ್ನುವ ಹಟವಾದಿಗಳು ಬರೀ 12. ಉಳಿದ 23 ವಿಲ್ಸನ್‌ರದೇ ಪಕ್ಷದ ಡೆಮಾಕ್ರಟರು! ಒಪ್ಪಬೇಡಿ ಅಂತ ವಿಲ್ಸನ್ ಹೇಳಿದ್ದಕ್ಕೆ ವಿರುದ್ಧ ಕೈ ಎತ್ತಿದವರು. ಅವರಲ್ಲಿ ಏಳು ಜನ ಈಚೆ ಬಂದಿದ್ದರೆ ಅಮೆರಿಕ ಒಳಗಿರುತ್ತಿತ್ತು. ಹಾಗಾಗಿ "ಸೆನೆಟ್ ಒಪ್ಪಲಿಲ್ಲ" ಅನ್ನುವುದು ಅರ್ಧ ಉತ್ತರ. ಇನ್ನರ್ಧ ಶ್ವೇತಭವನದ ಹಾಸಿಗೆಯಲ್ಲಿತ್ತು.

ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಲ್ಸನ್‌ಗೆ 1919ನೇ ಸಾಲಿನ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅಷ್ಟೊತ್ತಿಗೆ ಅವರ ಪಕ್ಷ ಚುನಾವಣೆ ಸೋತಾಗಿತ್ತು. ಕಾನೂನಿನ ಪ್ರಕಾರ ಅಮೆರಿಕ ಮತ್ತು ಜರ್ಮನಿ ನಡುವೆ ಯುದ್ಧ ಮುಗಿದದ್ದು 1921ರ ಜುಲೈ 2ರಂದು. ಹೊಸ ಅಧ್ಯಕ್ಷ ಹಾರ್ಡಿಂಗ್ ಅವತ್ತು ನ್ಯೂಜೆರ್ಸಿಯ ರ‍್ಯಾರಿಟನ್‌ನಲ್ಲಿ ಗಾಲ್ಫ್ ಆಡುತ್ತಿದ್ದರು. ಆಟ ನಿಲ್ಲಿಸಿ, ಸೆನೆಟರ್ ಒಬ್ಬರ ಮನೆಗೆ ಬಂದು, ಕಾಗದಕ್ಕೆ ಸಹಿ ಹಾಕಿ, ಮತ್ತೆ ಆಟಕ್ಕೆ ಹೋದರು.