ಆಡಿದವರೇ ಕಲಿಸಬೇಕಾ? ಕಾಲೇಜು ಬಾಸ್ಕೆಟ್‌ಬಾಲ್ ಕೋಚ್ ಬಗ್ಗೆ ಇನ್ನೊಂದು ಸಲ

ಪ್ರಶ್ನೆ: ಸರ್, ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ಕೋಚ್ ಊರು ಬಿಟ್ಟು ಹೋದರು. ಆ ಜಾಗಕ್ಕೆ ಇಬ್ಬರು ಬಂದಿದ್ದಾರೆ. ಒಬ್ಬರು ರಾಜ್ಯ ತಂಡಕ್ಕೆ ಆಡಿದವರು, ಆರಡಿ ಮೂರಂಗುಲ ಎತ್ತರ. ಇನ್ನೊಬ್ಬರು ಕಾಲೇಜಿನಲ್ಲಿದ್ದಾಗ ಹೆಚ್ಚಾಗಿ ಬೆಂಚ್ ಮೇಲೇ ಕೂತವರು, ಆದರೆ ಆರು ವರ್ಷದಿಂದ ಹೈಸ್ಕೂಲ್ ಮಕ್ಕಳಿಗೆ ಕಲಿಸುತ್ತಿದ್ದಾರೆ. ಕಮಿಟಿಯಲ್ಲಿ ಎಲ್ಲರೂ ಮೊದಲನೆಯವರ ಕಡೆ. ನೀವೇನಂತೀರಿ?
(ಕ್ರೀಡಾ ಸಮಿತಿಯ ಉಪನ್ಯಾಸಕಿ, ವಿದ್ಯಾನಗರ, ದಾವಣಗೆರೆ)

ಮೇಡಂ, ಈ ಪ್ರಶ್ನೆಗೆ ಎಷ್ಟನೇ ಸಲ ಉತ್ತರ ಕೊಡುತ್ತಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಅಡ್ಮಿಷನ್ ಮುಗಿದು ಅಂತರ ಕಾಲೇಜು ಪಂದ್ಯಗಳ ಸರ್ಕ್ಯುಲರ್ ಬರುವ ಹೊತ್ತಿಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಿದ್ದಾಗ ಕೇಳಿದವರಿದ್ದಾರೆ. ರಾಂ ಅಂಡ್ ಕೋ ಸರ್ಕಲ್ ಹತ್ತಿರ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದಾಗ ಸ್ಕೂಟರ್ ನಿಲ್ಲಿಸಿ ಕೇಳಿದವರೂ ಇದ್ದಾರೆ.

ಉತ್ತರ ಚಿಕ್ಕದು. ಇಬ್ಬರನ್ನೂ ಒಂದೊಂದು ಸಂಜೆ ಕರೆಸಿ. ನಿಮ್ಮ ಹುಡುಗರಿಗೇ ಒಂದು ಗಂಟೆ ಪ್ರಾಕ್ಟೀಸ್ ಮಾಡಿಸಲಿ. ನೀವು ಪಕ್ಕದಲ್ಲಿ ಕೂತು ನೋಡಿ. ಸಂದರ್ಶನ, ಸರ್ಟಿಫಿಕೇಟ್ ಫೈಲು, ಪೇಪರ್ ಕಟಿಂಗ್ ಎಲ್ಲ ಆಮೇಲೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ‘ಎಲ್ಲರೂ ಮೊದಲನೆಯವರ ಕಡೆ’ ಅಂತ ಬರೆದಿದ್ದೀರಲ್ಲ, ಅದು ನನ್ನನ್ನು ಸುಮ್ಮನೆ ಕೂರಲು ಬಿಡುತ್ತಿಲ್ಲ. ಚೆನ್ನಾಗಿ ಆಡಿದವರು ಚೆನ್ನಾಗಿಯೇ ಕಲಿಸುತ್ತಾರೆ ಅನ್ನುವ ನಂಬಿಕೆ ನಮ್ಮ ಕಮಿಟಿಗಳಲ್ಲಿ ಬೇರು ಬಿಟ್ಟು ಕೂತಿದೆ. ಎಷ್ಟು ಕಿತ್ತರೂ ಮುಂದಿನ ವರ್ಷಕ್ಕೆ ಮತ್ತೆ ಚಿಗುರಿರುತ್ತದೆ.

ಈ ಆಟ ಹುಟ್ಟಿಸಿದವರಿಂದಲೇ ಶುರು ಮಾಡೋಣ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಅನ್ನುವ ಮೇಷ್ಟ್ರು, ಚಳಿಗಾಲದಲ್ಲಿ ಹುಡುಗರು ಒಳಗೇ ಆಡಲಿ ಅಂತ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಬಾಲ್ಕನಿಗೆ ಮೊಳೆ ಹೊಡೆದು ಸಿಕ್ಕಿಸಿದರು. ಆ ಬಾಲ್ಕನಿ ನೆಲದಿಂದ ಹತ್ತು ಅಡಿ ಮೇಲಿತ್ತು. ಇವತ್ತಿಗೂ ರಿಂಗ್ ಅಷ್ಟೇ ಎತ್ತರದಲ್ಲಿದೆ. ನಿಯಮ ಬರೆದವರೂ ಅವರೇ. ಆಮೇಲೆ ಕಾನ್ಸಾಸ್ ವಿಶ್ವವಿದ್ಯಾಲಯದ ತಂಡಕ್ಕೆ ಅವರು ಕೋಚ್ ಆದರು. ಗೆದ್ದದ್ದು 55, ಸೋತದ್ದು 60. ಅವರ ನಂತರ ಆ ಜಾಗಕ್ಕೆ ಬಂದದ್ದು ಅವರ ಶಿಷ್ಯ ಫಾಗ್ ಅಲೆನ್. ಅದೇ ಕಾನ್ಸಾಸ್ ತಂಡಕ್ಕೆ ಅವರು 590 ಪಂದ್ಯ ಗೆಲ್ಲಿಸಿಕೊಟ್ಟರು. ಆಟ ಕಂಡುಹಿಡಿದವರ ಕಥೆಯೇ ಹೀಗಾದರೆ, ಆಟ ಆಡಿದ್ದಷ್ಟನ್ನೇ ನೋಡಿ ಹೇಗೆ ಆರಿಸುತ್ತೀರಿ?

ಮ್ಯಾಜಿಕ್ ಜಾನ್ಸನ್ ಹೆಸರು ಕೇಳಿರುತ್ತೀರಿ. ಆಟಗಾರನಾಗಿ ಲೇಕರ್ಸ್ ತಂಡಕ್ಕೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಐದು ಪ್ರಶಸ್ತಿ ತಂದವರು. ಯಾರೂ ನೋಡದ ಜಾಗಕ್ಕೆ ಪಾಸ್ ಕೊಡುವ ಕಣ್ಣು ಅವರದು. 1994ರಲ್ಲಿ ಅದೇ ತಂಡಕ್ಕೆ ಕೋಚ್ ಆದರು. 16 ಪಂದ್ಯ, ಐದು ಗೆಲುವು, ಹನ್ನೊಂದು ಸೋಲು. ಅಷ್ಟಕ್ಕೇ ಬಿಟ್ಟರು. ಇನ್ನು ನಮ್ಮ ದೇಶಕ್ಕೇ ಬನ್ನಿ. ಸಚಿನ್‌ಗೆ ಬ್ಯಾಟ್ ಹಿಡಿಯಲು ಕಲಿಸಿದ ರಮಾಕಾಂತ್ ಆಚ್ರೇಕರ್ ಸ್ವತಃ ಆಡಿದ್ದು ಒಂದೇ ಒಂದು ಪ್ರಥಮ ದರ್ಜೆ ಪಂದ್ಯ. 1990ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಬಂತು. ನಿಮ್ಮ ಕಮಿಟಿ ಮುಂದೆ ಅವರು ಬಂದು ಕೂತಿದ್ದರೆ, ‘ಒಂದೇ ಮ್ಯಾಚಾ?’ ಅಂತ ಕೇಳಿ ಮನೆಗೆ ಕಳಿಸುತ್ತಿದ್ದಿರಿ, ಅಲ್ವಾ?

ಯಾಕೆ ಹೀಗೆ? ಬೆಣ್ಣೆ ದೋಸೆ ಹೋಟೆಲಿನಲ್ಲಿ ಕಾವಲಿ ಮುಂದೆ ಇಪ್ಪತ್ತು ವರ್ಷ ನಿಂತವರನ್ನು ಕೇಳಿ ನೋಡಿ: ಹಿಟ್ಟು ಎಷ್ಟು ಗಟ್ಟಿ ಇರಬೇಕು, ಯಾವಾಗ ತಿರುವಬೇಕು? ‘ಅದು ಕೈಗೇ ಗೊತ್ತಾಗುತ್ತೆ ಸರ್’ ಅನ್ನುತ್ತಾರೆ. ಸುಳ್ಳಲ್ಲ, ನಿಜವಾಗಿ ಕೈಗೇ ಗೊತ್ತು. ಆದರೆ ನಿನ್ನೆ ಕೆಲಸಕ್ಕೆ ಸೇರಿದ ಹುಡುಗನಿಗೆ ಆ ಮಾತಿನಿಂದ ಏನೂ ಸಿಗುವುದಿಲ್ಲ. ಅವನ ದೋಸೆ ಸೀದೇ ಸೀಯುತ್ತದೆ.

ಲೇಅಪ್ ತೆಗೆದುಕೊಳ್ಳಿ. ಓಡಿ ಬಂದು, ಎರಡು ಹೆಜ್ಜೆ ಇಟ್ಟು, ನೆಗೆದು, ಬೋರ್ಡ್‌ಗೆ ತಾಗಿಸಿ ಹಾಕುವುದು. ಬಲಗೈಯಲ್ಲಿ ಹಾಕುವವನು ಬಲಗಾಲು, ಎಡಗಾಲು ಇಟ್ಟು ಎಡಗಾಲಿನಲ್ಲಿ ನೆಗೆಯಬೇಕು. ಹೊಸಬರಲ್ಲಿ ಬಹಳಷ್ಟು ಜನ ತಪ್ಪು ಕಾಲಿನಲ್ಲಿ ನೆಗೆಯುತ್ತಾರೆ. ಚಿಕ್ಕಂದಿನಲ್ಲೇ ಅದು ಬಂದವರಿಗೆ ಕಾಲು ಯಾವುದು ಅಂತ ಯೋಚಿಸಿ ಗೊತ್ತೇ ಇಲ್ಲ. ಅವರು ‘ಹೀಗೆ ಬಾ, ಹೀಗೆ ಹಾಕು’ ಅಂತ ತಾವೇ ಹಾಕಿ ತೋರಿಸುತ್ತಾರೆ. ಹುಡುಗ ಮತ್ತೆ ತಪ್ಪುತ್ತಾನೆ. ‘ಇಷ್ಟೂ ಗೊತ್ತಾಗಲ್ವಾ?’ ಅನ್ನುತ್ತಾರೆ. ಕಷ್ಟಪಟ್ಟು ಕಲಿತವನು ಬೇರೆ ದಾರಿ ಹಿಡಿಯುತ್ತಾನೆ. ಮೊದಲು ಚೆಂಡೇ ಕೊಡುವುದಿಲ್ಲ. ರಿಂಗ್ ಕೆಳಗೆ ನಿಲ್ಲಿಸಿ, ಎಡಗಾಲು ಮುಂದಿಟ್ಟು ಬಲ ಮೊಣಕಾಲು ಎತ್ತು ಅನ್ನುತ್ತಾನೆ. ಆಮೇಲೆ ಒಂದು ಹೆಜ್ಜೆ, ಆಮೇಲೆ ಎರಡು ಹೆಜ್ಜೆ, ಆಮೇಲೆ ಚೆಂಡು, ಕೊನೆಗೆ ಡ್ರಿಬ್ಲಿಂಗ್. ಬೆಂಚ್ ಮೇಲೆ ಕೂತಿದ್ದವನಿಗೆ ಈ ಮೆಟ್ಟಿಲುಗಳೆಲ್ಲ ನೆನಪಿರುತ್ತವೆ, ಯಾಕೆಂದರೆ ಒಂದೊಂದರಲ್ಲೂ ಅವನು ಎಡವಿರುತ್ತಾನೆ.

ಈ ಪಾಠ ನನಗೆ ಪುಕ್ಕಟೆ ಬಂದದ್ದಲ್ಲ. ವರ್ಷಗಳ ಹಿಂದೆ ನಾನೂ ಒಂದು ಕಾಲೇಜಿನ ಆಯ್ಕೆ ಕಮಿಟಿಯಲ್ಲಿದ್ದೆ, ಹೆಸರು ಬೇಡ. ನಾನೇ ಮುಂದೆ ನಿಂತು ದೊಡ್ಡ ಆಟಗಾರರೊಬ್ಬರಿಗೆ ಕೈ ಎತ್ತಿಸಿದೆ. ಮೊದಲ ದಿನ ಅವರನ್ನು ನೋಡಲು ಅರ್ಧ ಕಾಲೇಜು ಬಂದಿತ್ತು. ಪ್ರಾಕ್ಟೀಸ್ ಮ್ಯಾಚ್‌ನಲ್ಲಿ ಅವರೂ ಇಳಿದು ಆಡಿದರು, ಇಪ್ಪತ್ತು ಪಾಯಿಂಟ್ ಹೊಡೆದರು. ಚಪ್ಪಾಳೆಯೋ ಚಪ್ಪಾಳೆ. ಎರಡನೇ ವಾರವೂ ಅವರೇ ಆಡಿದರು, ಮೂರನೇ ವಾರವೂ. ಹುಡುಗರು ಅವರಿಗೆ ಪಾಸ್ ಕೊಡುವುದನ್ನು ಚೆನ್ನಾಗಿ ಕಲಿತರು. ದೀಪಾವಳಿ ಹೊತ್ತಿಗೆ ಹದಿನೈದು ಜನರಲ್ಲಿ ಉಳಿದದ್ದು ಏಳು. ಮೊದಲ ಸುತ್ತಿನಲ್ಲೇ ಸೋತು ವಾಪಸ್ ಬಂದೆವು. ಬಸ್ಸಿನಲ್ಲಿ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಆ ಆಟಗಾರರು ಕೆಟ್ಟವರಲ್ಲ. ತಪ್ಪು ಆರಿಸಿದ ನಮ್ಮದು.

‘ದೊಡ್ಡ ಆಟಗಾರರಾದರೆ ಹುಡುಗರಿಗೆ ಗೌರವ ಇರುತ್ತೆ ಸರ್’ ಅನ್ನುವುದು ಮುಂದಿನ ಮಾತು, ಅದೂ ನನಗೆ ಗೊತ್ತು. ಇರುತ್ತದೆ, ಎರಡು ವಾರ. ಆಮೇಲೆ ಹುಡುಗರು ನೋಡುವುದು ತಮ್ಮ ಆಟ ಸುಧಾರಿಸಿತಾ ಅಂತ. ನಮ್ಮೂರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಹುಡುಗರನ್ನು ತಯಾರು ಮಾಡುವ ಗರಡಿ ಉಸ್ತಾದರ ಮುಂದೆ ಪೈಲ್ವಾನರು ಕಾಲು ಮುಟ್ಟಿ ನಿಲ್ಲುತ್ತಾರೆ. ಆ ಉಸ್ತಾದರು ಎಷ್ಟು ಗದೆ ಗೆದ್ದಿದ್ದರು ಅಂತ ಯಾರಾದರೂ ಕೇಳುತ್ತಾರಾ? ಯಾರನ್ನು ತಯಾರು ಮಾಡಿದರು ಅಂತ ಕೇಳುತ್ತಾರೆ. ಗರಡಿಯಲ್ಲಿ ಇರುವ ಬುದ್ಧಿ ಕಾಲೇಜಿನ ಮೀಟಿಂಗ್ ಹಾಲ್‌ನಲ್ಲಿ ಎಲ್ಲಿ ಹೋಗುತ್ತದೋ!

ಹಾಗಂತ ಆಡಿದವರು ಬೇಡವೇ ಬೇಡ ಅಂತ ನಾನು ಹೇಳಿದೆ ಅಂತ ಹೇಳಿಕೊಂಡು ತಿರುಗಬೇಡಿ. ಜಾನ್ ವುಡನ್ ತಮ್ಮ ಕಾಲದ ದೊಡ್ಡ ಕಾಲೇಜು ಆಟಗಾರ. ಕೋಚ್ ಆಗಿ ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡಕ್ಕೆ 1964ರಿಂದ 1975ರ ಒಳಗೆ 12 ವರ್ಷದಲ್ಲಿ 10 ರಾಷ್ಟ್ರ ಪ್ರಶಸ್ತಿ ಗೆಲ್ಲಿಸಿದರು. ಆದರೆ ಅದಕ್ಕೆ ಮೊದಲು ಅವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಕಾಲೇಜಿಗೆ ಬಂದ ಹುಡುಗರಿಗೆ ಅವರ ಮೊದಲ ಪಾಠ ಕಾಲುಚೀಲ ಹಾಕಿಕೊಳ್ಳುವುದು! ಒಂದು ಸುಕ್ಕು ಉಳಿದರೂ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದರೆ ಪ್ರಾಕ್ಟೀಸ್ ತಪ್ಪುತ್ತದೆ. ನಿಮ್ಮ ಆರಡಿ ಮೂರಂಗುಲದವರಿಗೂ ಇಂಥ ತಾಳ್ಮೆ ಇದ್ದರೆ ಅವರನ್ನೇ ತೆಗೆದುಕೊಳ್ಳಿ, ಧಾರಾಳವಾಗಿ.

ಸರಿ, ಆ ಒಂದು ಗಂಟೆಯಲ್ಲಿ ಏನು ನೋಡಬೇಕು? ಒಳ್ಳೆಯ ಆಟಗಾರರನ್ನು ನೋಡಬೇಡಿ. ಅವರು ಯಾರ ಕೈಗೆ ಕೊಟ್ಟರೂ ಆಡುತ್ತಾರೆ. ಟೀಮ್‌ನಲ್ಲಿ ಹನ್ನೆರಡನೆಯವನು ಇರುತ್ತಾನಲ್ಲ, ಅವನ ಮೇಲೆ ಕಣ್ಣಿಡಿ. ಅವನ ಕೈಗೆ ಚೆಂಡು ಎಷ್ಟು ಸಲ ಬಂತು ಎಣಿಸಿ. ಹದಿನೈದು ಹುಡುಗರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ಒಬ್ಬೊಬ್ಬರಿಗೆ ಆರು ಸೆಕೆಂಡ್‌ನಂತೆ ಲೇಅಪ್ ಮಾಡಿಸಿದರೆ, ಒಬ್ಬನ ಸರದಿ ಬರುವುದು ಒಂದೂವರೆ ನಿಮಿಷಕ್ಕೊಮ್ಮೆ. ಹದಿನೈದು ನಿಮಿಷದಲ್ಲಿ ಹತ್ತೇ ಸಲ. ಉಳಿದ ಹೊತ್ತು ಸೊಂಟದ ಮೇಲೆ ಕೈ ಇಟ್ಟು ನಿಲ್ಲುವುದು. ಕಲಿಸಲು ಗೊತ್ತಿರುವವರು ಎರಡೂ ರಿಂಗ್ ಬಳಸುತ್ತಾರೆ, ಮೂರು ಮೂರು ಜನರ ಗುಂಪು ಮಾಡುತ್ತಾರೆ, ಚೆಂಡು ಕಡಿಮೆ ಇದ್ದರೆ ಉಳಿದವರಿಗೆ ಡಿಫೆನ್ಸ್ ಹೆಜ್ಜೆ ಹಾಕಿಸುತ್ತಾರೆ. ಇನ್ನೊಂದು: ತಪ್ಪು ಮಾಡಿದವನಿಗೆ ಏನು ಹೇಳುತ್ತಾರೆ ಅಂತ ಕಿವಿಗೊಟ್ಟು ಕೇಳಿ. ‘ಸರಿಯಾಗಿ ಆಡೋ’ ಅನ್ನುವುದು ಬೈಗುಳ. ‘ಮೊಣಕೈ ಹೊರಗೆ ಹೋಗ್ತಿದೆ, ಒಳಗೆ ತಗೋ’ ಅನ್ನುವುದು ಪಾಠ.

ಆಮೇಲೆ ಕೂರಿಸಿ ಒಂದೇ ಪ್ರಶ್ನೆ ಕೇಳಿ. ಕೊನೆಯ ಕ್ವಾರ್ಟರ್, ಉಳಿದಿರುವುದು 40 ಸೆಕೆಂಡ್, ನಾವು ಎರಡು ಪಾಯಿಂಟ್ ಹಿಂದೆ, ಚೆಂಡು ಆಗಷ್ಟೇ ಎದುರಾಳಿ ಕೈಗೆ ಹೋಗಿದೆ. ಏನು ಮಾಡಿಸುತ್ತೀರಿ? ತಕ್ಷಣ ‘ಗಡಿಯಾರ ನಿಲ್ಲೋಕೆ ಫೌಲ್ ಮಾಡಿಸ್ತೀನಿ’ ಅಂದರೆ ಸ್ವಲ್ಪ ಅನುಮಾನಿಸಿ. ಎದುರಾಳಿ 24 ಸೆಕೆಂಡ್ ಒಳಗೆ ಶಾಟ್ ಹೊಡೆಯಲೇಬೇಕು. ಒಂದು ಸಲ ಗಟ್ಟಿಯಾಗಿ ಡಿಫೆನ್ಸ್ ಮಾಡಿ, ತಪ್ಪಿ ವಾಪಸ್ ಪುಟಿದ ಚೆಂಡನ್ನು (ರೀಬೌಂಡ್) ಹಿಡಿದರೆ ನಮಗೆ ಇನ್ನೂ 16 ಸೆಕೆಂಡ್ ಇರುತ್ತದೆ. ಒಳ್ಳೆಯವರು ನಿಮಗೇ ತಿರುಗಿ ಕೇಳುತ್ತಾರೆ: ನಮ್ಮ ಟೀಮ್ ಫೌಲ್ ಎಷ್ಟಾಗಿದೆ? ಆ ಕ್ವಾರ್ಟರ್‌ನಲ್ಲಿ ನಾಲ್ಕು ಆಗಿದ್ದರೆ ಐದನೆಯದಕ್ಕೆ ಎರಡು ಫ್ರೀ ಥ್ರೋ ಕೊಡಬೇಕು. ಟೈಮ್‌ಔಟ್ ಎಷ್ಟು ಉಳಿದಿದೆ? ಇನ್ನೂ ಪಳಗಿದವರಾದರೆ, ‘ಆ ಅಂಕಣದಲ್ಲಿ 24 ಸೆಕೆಂಡ್ ಬೋರ್ಡ್ ಇದೆಯಾ, ಇಲ್ಲಾ ಟೇಬಲ್‌ನವರು ಸ್ಟಾಪ್‌ವಾಚ್ ಹಿಡಿದು ಕೂಗ್ತಾರಾ?’ ಅಂತ ಕೇಳುತ್ತಾರೆ. ನಮ್ಮ ಕಡೆ ಆಡಿಸಿದವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು.

ಸರ್ಟಿಫಿಕೇಟ್ ವಿಷಯ ಎರಡು ಮಾತು. ‘ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಕೋರ್ಸ್) ಮಾಡಿದ್ದೀನಿ’ ಅಂದರೆ ಯಾವುದು ಅಂತ ಕೇಳಿ. ಪಟಿಯಾಲಾದ ಸಂಸ್ಥೆಯ ಡಿಪ್ಲೊಮಾ ಬೇರೆ, ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಬೇರೆ. ಎರಡನ್ನೂ ಜನ ಒಂದೇ ಹೆಸರಿನಲ್ಲಿ ಹೇಳುತ್ತಾರೆ. ಮತ್ತೆ, ನಿಮ್ಮ ಪಿ.ಡಿ. ಸರ್ (ದೈಹಿಕ ಶಿಕ್ಷಣ ನಿರ್ದೇಶಕರು) ಇದ್ದಾರಲ್ಲ, ಅವರೇ ನೋಡಿಕೊಳ್ಳಲಿ ಅಂತ ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ಕಬಡ್ಡಿಯಿಂದ ಚೆಸ್‌ವರೆಗೆ ಎಲ್ಲ ಆಟದ ಎಂಟ್ರಿ ಫಾರಂ, ಟಿಎ ಬಿಲ್ಲು ಅವರ ತಲೆ ಮೇಲಿದೆ.

ನೀವು ಕೇಳಿಲ್ಲ, ಆದರೂ ಕೇಳುತ್ತೇನೆ: ನಿಮ್ಮ ಹುಡುಗಿಯರ ಟೀಮ್‌ಗೆ ಯಾರು ಕೋಚ್? ಪತ್ರದಲ್ಲಿ ಅವರ ಸುದ್ದಿಯೇ ಇಲ್ಲ. ಸಾಮಾನ್ಯವಾಗಿ ಆಗುವುದು ಇಷ್ಟೇ. ಹುಡುಗರಿಗೆ ಸಂಜೆ ನಾಲ್ಕೂವರೆಯಿಂದ ಆರರವರೆಗೆ ತಂಪು ಹೊತ್ತು. ಹುಡುಗಿಯರು ಹಳ್ಳಿಯಿಂದ ಬರುತ್ತಾರೆ, ಬಸ್ಸು ಹಿಡಿಯಬೇಕು ಅಂತ ಮೂರು ಗಂಟೆಗೆ ಬಿಸಿಲಿಗೆ ಬಿಡುತ್ತಾರೆ. ಮಾರ್ಚ್ ತಿಂಗಳಲ್ಲಿ ದಾವಣಗೆರೆಯ ಸಿಮೆಂಟ್ ಅಂಕಣದ ಮೇಲೆ ಮೂರು ಗಂಟೆಗೆ ನೀವೇ ಒಂದು ಸಲ ನಿಂತು ನೋಡಿ ಮೇಡಂ. ‘ಹುಡುಗೀರಿಗೆ ಆಸಕ್ತಿ ಇಲ್ಲ’ ಅನ್ನುವ ಮಾತು ಹುಟ್ಟುವುದು ಅಲ್ಲೇ. ಮೂರು ದಿನ ಇವರಿಗೆ, ಮೂರು ದಿನ ಅವರಿಗೆ ಅಂತ ಸಂಜೆ ಹೊತ್ತು ಹಂಚಲು ಒಪ್ಪುತ್ತೀರಾ ಅಂತ ಬರುವ ಕೋಚನ್ನು ಮೊದಲೇ ಕೇಳಿ. ಮುಖ ನೋಡಿದರೆ ಉತ್ತರ ಗೊತ್ತಾಗುತ್ತದೆ.

ಚೆಂಡಿನ ವಿಷಯವೂ ಇದೆ. ಗಂಡಸರಿಗೆ ಏಳನೇ ಸೈಜ್, ಹೆಂಗಸರಿಗೆ ಆರನೇ ಸೈಜ್. ಆರನೆಯದು ಸುತ್ತಳತೆಯಲ್ಲಿ ಸುಮಾರು ಒಂದು ಇಂಚು ಚಿಕ್ಕದು, ತೂಕವೂ ಕಡಿಮೆ. ವರ್ಷವಿಡೀ ಹುಡುಗರು ಬಿಟ್ಟ ಏಳನೇ ನಂಬರಿನ ಸವೆದ ಚೆಂಡಿನಲ್ಲಿ ಆಡಿಸಿ, ಪಂದ್ಯದ ದಿನ ಆರನೇ ನಂಬರ್ ಕೈಗೆ ಕೊಟ್ಟರೆ ಶಾಟೆಲ್ಲ ರಿಂಗ್ ದಾಟಿ ಹೋಗುತ್ತದೆ. ಹೊಸ ಕೋಚ್ ಬರುವ ಮೊದಲೇ ಆರನೇ ಸೈಜಿನವು ನಾಲ್ಕಾದರೂ ತರಿಸಿಡಿ. ಬಿಲ್ಲಿನಲ್ಲಿ ಏನು ಬರೆದಿದೆ ಅಂತ ನೋಡಬೇಡಿ. ನಂಬರ್ ಚೆಂಡಿನ ಮೇಲೇ ಅಚ್ಚಾಗಿರುತ್ತದೆ, ಅದನ್ನು ನೋಡಿಯೇ ದುಡ್ಡು ಕೊಡಿ.