ಸೀರೆಗೆ ಚಹಾ ಕುಡಿಸಬೇಡಿ

ಹಳೇ ಕಾಲದ ಧಾರಾವಾಹಿ ಅಂದಕೂಡಲೇ ಮೊದಲ ಮೀಟಿಂಗಿನಲ್ಲಿ ಒಂದು ಮಾತು ಬಂದೇ ಬರುತ್ತದೆ: ‘ಎಲ್ಲಾ ಬಟ್ಟೆಗೂ ಒಂದ್ಸಲ ಚಹಾ ಹಾಕಿಬಿಡಿ, ಓಲ್ಡ್ ಲುಕ್ ಬರಲಿ.’ ಗೌಡರ ಪಂಚೆಗೂ ಚಹಾ, ಆಳಿನ ಪಂಚೆಗೂ ಚಹಾ, ನಿನ್ನೆ ಮದುವೆಯಾಗಿ ಬಂದ ಸೊಸೆಯ ಸೀರೆಗೂ ಚಹಾ. ತೆರೆಯ ಮೇಲೆ ನೋಡಿದರೆ ಊರಿಗೆ ಊರೇ ಒಂದೇ ಹಂಡೆಯಲ್ಲಿ ಬೆಂದು ಎದ್ದ ಹಾಗಿರುತ್ತದೆ.

1930ರಲ್ಲಿ ಬದುಕಿದ್ದವರಿಗೆ ಅದು ಹಳೇ ಕಾಲವಾಗಿರಲಿಲ್ಲ ಸ್ವಾಮಿ. ಹಬ್ಬಕ್ಕೆ ತಂದ ಸೀರೆ ಹೊಸದೇ ಇರುತ್ತಿತ್ತು, ಕಣ್ಣು ಕುಕ್ಕುತ್ತಲೂ ಇತ್ತು. ಬೇರಿನಿಂದ ತೆಗೆಯುತ್ತಿದ್ದ ಅಲಿಜರಿನ್ ಕೆಂಪನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದು 1868ರಲ್ಲಿ. ಕಾರ್ಖಾನೆಯ ನೀಲಿ ಜರ್ಮನಿಯಿಂದ ಮಾರುಕಟ್ಟೆಗೆ ಬಂದದ್ದು 1897ರಲ್ಲಿ. ಅದಕ್ಕೂ ಮುಂಚಿನ ಅರಗಿನ ಕೆಂಪು, ದಾಳಿಂಬೆ ಸಿಪ್ಪೆಯ ಹಳದಿ, ಕಬ್ಬಿಣ ಮತ್ತು ಅಳಲೆಕಾಯಿಯ ಕಪ್ಪು ಏನೂ ಸಪ್ಪೆಯಾಗಿರಲಿಲ್ಲ.

ತಪ್ಪು ತಿಳಿವಳಿಕೆ ಹುಟ್ಟುವುದು ಫೋಟೊಗಳಿಂದ. ತಾತ ಅಜ್ಜಿಯ ಫೋಟೊ ಕಂದಾಗಿದೆ ಅಂದರೆ ಕಂದಾಗಿರುವುದು ಕಾಗದ. ಇನ್ನೂ ಒಂದು ಸೂಕ್ಷ್ಮ ಇದೆ. ಆ ಕಾಲದಲ್ಲಿ ಬಹಳ ಬಳಕೆಯಲ್ಲಿದ್ದ ಆರ್ಥೊಕ್ರೊಮ್ಯಾಟಿಕ್ ಪ್ಲೇಟು, ಫಿಲ್ಮುಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಅವುಗಳಲ್ಲಿ ಕೆಂಪು ಕಪ್ಪಾಗಿ ಬೀಳುತ್ತದೆ, ನೀಲಿ ಬೆಳ್ಳಗಾಗುತ್ತದೆ. ಹಣೆಯ ಕುಂಕುಮ ಕಾಡಿಗೆ ಬೊಟ್ಟಿನಂತೆ ಕಾಣುವುದು ಅದಕ್ಕೇ. ಅಂಥ ಫೋಟೊ ಹಿಡಿದುಕೊಂಡು ಬಂದು ‘ನೋಡಿ, ಅಜ್ಜಿ ಕಪ್ಪು ಸೀರೆ ಉಡ್ತಿದ್ರು’ ಅಂದರೆ ಒಪ್ಪುವ ಮುನ್ನ ಎರಡು ಸಲ ಯೋಚಿಸಬೇಕಾಗುತ್ತದೆ.

ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ವಿಷಯವೊಂದಿದೆ, ಬಿಡಿಸಿಯೇ ಹೇಳುತ್ತೇನೆ. ಬಟ್ಟೆ ಬಣ್ಣ ಬಿಡುವುದು ಬೇರೆ, ಸವೆಯುವುದು ಬೇರೆ, ಕೊಳೆಯಾಗುವುದು ಬೇರೆ. ಬಣ್ಣ ಬಿಡಿಸುವುದು ಬಿಸಿಲು ಮತ್ತು ನೀರು. ಸವೆಸುವುದು ಮೈ. ಕೊಳೆ ಮಾಡುವುದು ಕೆಲಸ. ಬಡವಿ ಉಟ್ಟ ಸೀರೆ ಬಣ್ಣ ಬಿಟ್ಟು ತೆಳುವಾಗಿರಬಹುದು, ಆದರೆ ಅವಳು ದಿನಾ ಒಗೆದು ಉಡುವವಳಾದರೆ ಅದರಲ್ಲಿ ಕೊಳೆ ಇರುವುದಿಲ್ಲ. ಗಾಣದ ಮಾಲೀಕನ ಅಂಗಿ ಹೊಸದೇ ಇರಬಹುದು, ಎದೆಯ ಮೇಲೆ ಎಣ್ಣೆ ಕಲೆ ಇರುತ್ತದೆ. ಮೂರನ್ನೂ ಕಲಸಿ ಒಂದೇ ಕಂದು ಬಳಿದರೆ ಬಡತನ, ಜಿಪುಣತನ, ದುಡಿಮೆ, ಸೋಮಾರಿತನ ಎಲ್ಲಾ ಒಂದೇ ಆಗಿಬಿಡುತ್ತದೆ. ಪಾತ್ರದ ಬಗ್ಗೆ ಹೇಳಲು ಬಟ್ಟೆಯಲ್ಲಿ ಏನೂ ಉಳಿಯುವುದಿಲ್ಲ.

ಬಣ್ಣ ಬಿಡುವುದಕ್ಕೂ ಒಂದು ದಾರಿ ಇದೆ. ಬಿಸಿಲು ಬೀಳುವುದು ಹೆಗಲಿಗೆ, ತಲೆಯ ಮೇಲೆ ಹೊದ್ದ ಸೆರಗಿಗೆ, ಒಣಹಾಕುವಾಗ ಗಳುವಿನ ಮೇಲೆ ಕೂತ ಮಡಿಕೆಗೆ. ನಿರಿಗೆಯ ಒಳಗೆ, ಸೊಂಟಕ್ಕೆ ಸಿಕ್ಕಿಸಿದ ಜಾಗದಲ್ಲಿ ಮೂಲ ಬಣ್ಣ ಹಾಗೇ ಇರುತ್ತದೆ. ನಡೆಯುವಾಗ ನಿರಿಗೆ ಬಿಚ್ಚಿ ಒಳಗಿನ ಗಾಢ ಬಣ್ಣ ಇಣುಕಿದರೆ ‘ಈ ಸೀರೆಗೆ ಹತ್ತು ವರ್ಷವಾಯಿತು’ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಸವೆತ ಕಾಣುವುದು ಹಿಮ್ಮಡಿ ತಗುಲುವ ಅಂಚಿನಲ್ಲಿ, ಕಚ್ಚೆ ಹಾಕಿದ್ದರೆ ಕೂರುವ ಜಾಗದಲ್ಲಿ, ಗಂಡಸರ ಕೋಟಿನ ಮೊಣಕೈ ಮತ್ತು ಜೇಬಿನ ಬಾಯಲ್ಲಿ. ಅಲ್ಲಿಗೆ 120 ನಂಬರಿನ ಮರಳು ಕಾಗದ, ನಂತರ ಇನ್ನೂ ನಯವಾದ 220ರದು. ಇಡೀ ಬಟ್ಟೆಗೆ ಉಜ್ಜಿದರೆ ಅದು ಸವೆತವಾಗುವುದಿಲ್ಲ, ಗೋಣಿಚೀಲವಾಗುತ್ತದೆ.

ಕೆಲಸದ ಕ್ರಮ ಹೀಗೆ. ಮೊದಲು ಗಂಜಿ ಪೂರ್ತಿ ಹೋಗುವ ತನಕ ಬಿಸಿನೀರಲ್ಲಿ ಮೂರು ನಾಲ್ಕು ಸಲ ಒಗೆಯಬೇಕು. ಇದನ್ನು ಬಿಟ್ಟವರು ಮುಂದೆ ಏನು ಮಾಡಿದರೂ ಬಣ್ಣ ತೇಪೆ ತೇಪೆಯಾಗಿ ಬರುತ್ತದೆ. ಆಮೇಲೆ ಬಣ್ಣ ಇಳಿಸುವುದು, ಆಮೇಲೆ ಸವೆಸುವುದು, ಕೊನೆಗೆ ಕೊಳೆ. ಹತ್ತಿಗೆ ಬ್ಲೀಚ್ ಹಾಕುವುದಾದರೆ ಒಂದು ಪಾಲು ಬ್ಲೀಚಿಗೆ ಇಪ್ಪತ್ತು ಪಾಲು ನೀರಿನಿಂದ ಶುರು ಮಾಡಿ, ತುದಿಯಲ್ಲೊಂದು ತುಂಡು ಅದ್ದಿ ನೋಡಿ. ಈಗಿನ ಕಪ್ಪು ಬಣ್ಣಗಳು ಬ್ಲೀಚ್ ಬಿದ್ದರೆ ಬೂದಿಗೆ ಇಳಿಯದೆ ಕಿತ್ತಳೆಗೆ ತಿರುಗುವುದು ಮಾಮೂಲಿ. ತಿರುಗಿದ ಮೇಲೆ ವಾಪಸ್ ತರುವ ದಾರಿ ಇಲ್ಲ.

ಇಳಕಲ್ ಸೀರೆ ಕೈಯಲ್ಲಿದ್ದರೆ ಇನ್ನೂ ಹುಷಾರು. ಅದರ ಮೈ ಹತ್ತಿ, ಸೆರಗು ರೇಷ್ಮೆ. ಎರಡರ ಹಾಸು ನೂಲನ್ನು ಕೊಂಡಿ ಹಾಕಿ ಸೇರಿಸಿರುತ್ತಾರೆ. ಇಡೀ ಸೀರೆಯನ್ನು ಬ್ಲೀಚಿನ ಬಕೆಟ್ಟಿಗೆ ಹಾಕಿದರೆ ಮೈ ಚೆಂದವಾಗಿ ಮಾಸುತ್ತದೆ, ಸೆರಗು ಹಳದಿಯಾಗಿ ಪಿಸಿಯುತ್ತದೆ. ರೇಷ್ಮೆ ಪ್ರಾಣಿಜನ್ಯ ನೂಲು, ಕ್ಲೋರಿನ್ ಅದನ್ನು ತಿನ್ನುತ್ತದೆ. ಟೋಪ ತೆನಿ ಅಂತ ಕರೆಯುವ ಆ ಸೆರಗನ್ನು ಕೊಂಡಿಯ ಗೆರೆಯವರೆಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಿಗಿಯಾಗಿ ಕಟ್ಟಿ, ಮೈಯನ್ನು ಮಾತ್ರ ಅದ್ದಬೇಕು. ಸೀರೆಯ ಜೊತೆಗೆ ರವಿಕೆಯನ್ನೂ ಅದೇ ಬಣ್ಣದಲ್ಲಿ ಕೇಳುವವರಿಗೆ ಒಂದು ಮಾತು: ಗುಳೇದಗುಡ್ಡದ ಖಣ, ಅಂದರೆ ರವಿಕೆಯ ಬಟ್ಟೆ, ಬೇರೆ ಮಗ್ಗದ್ದು, ಕೊಳ್ಳುವುದೂ ಬೇರೆ. ಹಸಿರು ಸೀರೆಗೆ ನೇರಳೆ ಕುಪ್ಪಸ ಅಲ್ಲಿ ತಪ್ಪಲ್ಲ. ಮ್ಯಾಚಿಂಗ್ ಮಾಡಿದ ಕ್ಷಣ ಆಕೆ ಇಂದಿನ ಮದುವೆ ಮನೆಯಿಂದ ಎದ್ದು ಬಂದವಳಾಗುತ್ತಾಳೆ.

ಕೊಳೆಗೂ ಊರು ಇರುತ್ತದೆ. ಮಲೆನಾಡಿನ ಪಂಚೆಯ ಅಂಚು ಕೆಮ್ಮಣ್ಣು ಹಿಡಿದಿರುತ್ತದೆ, ಗದಗ ಧಾರವಾಡದ ಕಡೆ ಎರೆಮಣ್ಣಿನ ಕಪ್ಪು ಛಾಯೆ. ನಿಜವಾದ ಮಣ್ಣನ್ನೇ ಮೆತ್ತಬೇಡಿ. ಒಣಗಿ ಉದುರುತ್ತದೆ, ಕಲಾವಿದರಿಗೆ ತುರಿಕೆ, ಮಧ್ಯಾಹ್ನದ ಶಾಟಿಗೆ ಬೆಳಗಿನ ಕಲೆ ಇರುವುದಿಲ್ಲ. ತೆಳು ಮಾಡಿದ ಫ್ಯಾಬ್ರಿಕ್ ಬಣ್ಣವನ್ನು ಅಂಚಿನಿಂದ ಮೇಲಕ್ಕೆ ತಿಳಿಯಾಗುತ್ತ ಹೋಗುವಂತೆ ಸಿಂಪಡಿಸಿ, ಧೂಳಿಗೆ ಮುಲ್ತಾನಿ ಮಿಟ್ಟಿ ಉದುರಿಸಿದರೆ ಸಾಕು. ಬೆವರಿಗೆ ನೀರಿನಲ್ಲಿ ಗ್ಲಿಸರಿನ್.

ಹಾಗಾದರೆ ಚಹಾ ಬೇಡವೇ ಬೇಡವೆ? ಒಂದೇ ಒಂದು ಕಡೆ ಬೇಕು, ಅಚ್ಚ ಬಿಳಿಯನ್ನು ತಗ್ಗಿಸಲು. ಇಂದಿನ ಬಿಳಿ ಬಟ್ಟೆಗೆ ಸೇರಿಸುವ ಹೊಳಪಿನ ರಾಸಾಯನಿಕ ಬೆಳಕಿಗೆ ನೀಲಿ ಹೊಡೆಯುತ್ತದೆ, ಕ್ಯಾಮೆರಾದಲ್ಲಿ ಮಡಿಕೆಗಳೆಲ್ಲ ಮಾಯವಾಗಿ ಪಂಚೆ ಒಂದು ಬಿಳಿ ತೂತಾಗುತ್ತದೆ. ಒಂದು ಪಂಚೆಗೆ ಎಂಟು ಹತ್ತು ಲೀಟರ್ ನೀರು, ನಾಲ್ಕು ದೊಡ್ಡ ಚಮಚ ಪುಡಿ, ಹತ್ತು ನಿಮಿಷ ಕುದಿ. ಬಟ್ಟೆಯಲ್ಲಿ ಸೋಸದಿದ್ದರೆ ಚುಕ್ಕೆ ಬೀಳುತ್ತದೆ. ಪಂಚೆಯನ್ನು ಮೊದಲೇ ನೀರಲ್ಲಿ ನೆನೆಸಿಟ್ಟು ಅದ್ದಬೇಕು, ಕೈಯಾಡಿಸುತ್ತಲೇ ಇರಬೇಕು, ಐದು ನಿಮಿಷಕ್ಕೆ ಒಂದು ತುದಿಯನ್ನು ಇಸ್ತ್ರಿಯಿಂದ ಒಣಗಿಸಿ ನೋಡಬೇಕು. ಒದ್ದೆ ಬಟ್ಟೆಯ ಬಣ್ಣ ನಂಬುವ ಹಾಗಿಲ್ಲ, ಯಾವಾಗಲೂ ಗಾಢ. ಕಬ್ಬಿಣದ ಪಾತ್ರೆ ಬೇಡ, ಚಹಾದ ಒಗರು ಕಬ್ಬಿಣಕ್ಕೆ ತಾಗಿದರೆ ಮಸಿಯಾಗುತ್ತದೆ. ಪಾಲಿಯೆಸ್ಟರ್ ಮಿಶ್ರಣವಾದರೆ ಚಹಾ ಸರಿಯಾಗಿ ಹಿಡಿಯುವುದೇ ಇಲ್ಲ. ಪಾಲಿಯೆಸ್ಟರ್ ನೂಲು ಹುಟ್ಟಿದ್ದೇ 1941ರಲ್ಲಿ, ನಿಮ್ಮ ಕಥೆ 1930ರದು, ಆ ಪಂಚೆ ಬೀರುವಿನಲ್ಲೇ ಇರಲಿ. ಪ್ರತಿ ಒಗೆತಕ್ಕೂ ಚಹಾ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ದಿನದ ಧಾರಾವಾಹಿಯಲ್ಲಿ ಇದೇ ಕಂಟಿನ್ಯೂಟಿಯ (ಒಂದು ಶಾಟಿನಿಂದ ಇನ್ನೊಂದಕ್ಕೆ ಎಲ್ಲವೂ ಒಂದೇ ಥರ ಕಾಣುವುದರ) ಶತ್ರು, ಆದ್ದರಿಂದ ಒಂದು ತುಂಡು ಮಾದರಿ ಕಡತದಲ್ಲಿ ಇಟ್ಟುಕೊಳ್ಳಿ.

ಬಿಳಿಯಲ್ಲೇ ಎಷ್ಟು ಕಥೆ ಹೇಳಬಹುದು ನೋಡಿ. ಒಂದೇ ಮನೆಯ ಅಣ್ಣ ಸರ್ಕಾರಿ ನೌಕರ, ತಮ್ಮ ಚಳವಳಿಗಾರ. ಇಬ್ಬರದೂ ಬಿಳಿ ಪಂಚೆ. ಅಣ್ಣನದು ಮಿಲ್ಲಿನ ಬಟ್ಟೆ: ನುಣುಪು, ಒಗೆದಾಗ ನೀಲಿ ಹಾಕಿದ್ದು, ಇಸ್ತ್ರಿಯ ಗೆರೆ ನೇರ. ತಮ್ಮನದು ಖಾದಿ: ನೂಲಲ್ಲಿ ಗಂಟು, ಕೆನೆಯ ಕಡೆ ವಾಲಿದ ಬಿಳಿ, ಮಡಿಕೆ ದಪ್ಪ, ಬೆಳಕನ್ನು ಹೀರುತ್ತದೆ. ಇಬ್ಬರನ್ನೂ ಒಂದೇ ಅಂಗಡಿಯಿಂದ ತಂದ ಪಂಚೆಯಲ್ಲಿ ನಿಲ್ಲಿಸಿದರೆ ಅವರ ಜಗಳಕ್ಕೆ ಸಂಭಾಷಣೆಯೇ ಗತಿ. ಛಾಯಾಗ್ರಾಹಕರು ಎದುರಿನಿಂದ ಚಪ್ಪಟೆ ಬೆಳಕು ಹೊಡೆದರೂ ಅಷ್ಟೇ, ನೂಲಿನ ಗಂಟು ಕಾಣಲು ಪಕ್ಕದ ಬೆಳಕು ಬೇಕು.

ಇನ್ನು ವಿಧವೆಯ ಸೀರೆ. ‘ಬಿಳಿ ಸೀರೆ ರೆಡಿ ಇಡಿ’ ಅನ್ನುತ್ತಾರೆ, ಹಿಂದಿ ಸೀರಿಯಲ್ ನೋಡಿದ ಅಭ್ಯಾಸ. ನಮ್ಮ ಕಡೆ ಬ್ರಾಹ್ಮಣರ ಮನೆಗಳಲ್ಲಿ ತಲೆ ಬೋಳಿಸಿದ ಮಡಿ ಹೆಂಗಸರು ಉಡುತ್ತಿದ್ದುದು ಕೆಂಪು ಸೀರೆ; ಮರಾಠಿಯಲ್ಲಿ ಅದನ್ನೇ ಆಲವಣ ಅನ್ನುತ್ತಾರೆ. ಎಲ್ಲ ಜಾತಿಗೂ ಎಲ್ಲ ಊರಿಗೂ ಇದೇ ಅಂತ ಹೇಳಲಾಗದು, ಕಥೆಯ ಮನೆತನಕ್ಕೆ ತಕ್ಕಂತೆ ಹಿರಿಯರನ್ನು ಕೇಳಿ ಖಚಿತ ಮಾಡಿಕೊಳ್ಳಬೇಕು. ಆದರೆ ಎಂಥ ಅವಕಾಶ ಯೋಚಿಸಿ: ಒಂದೇ ಚೌಕಟ್ಟಿನಲ್ಲಿ ಮದುವಣಗಿತ್ತಿಯೂ ಕೆಂಪು, ಮೂಲೆಯಲ್ಲಿ ನಿಂತ ಸೋದರತ್ತೆಯೂ ಕೆಂಪು. ಒಬ್ಬಳದು ಜರಿ ಅಂಚು, ಕುಪ್ಪಸ, ಕುಂಕುಮ, ಬಳೆ. ಇನ್ನೊಬ್ಬಳದು ಅಂಚಿಲ್ಲದ ಹತ್ತಿ, ಕುಪ್ಪಸವಿಲ್ಲ, ಬೋಳು ತಲೆಯ ಮೇಲೆ ಎಳೆದುಕೊಂಡ ಸೆರಗು. ‘ಕೆಂಪು ಅಂದರೆ ಶುಭ, ಬಿಳಿ ಅಂದರೆ ಶೋಕ’ ಅಂತ ಪಟ್ಟಿ ಬರೆದುಕೊಂಡು ಬಂದವರಿಗೆ ಇದು ದಕ್ಕುವುದಿಲ್ಲ.

ಕೆಂಪಿನ ಬಗ್ಗೆ ತಾಂತ್ರಿಕವಾಗಿ ಒಂದು ಎಚ್ಚರಿಕೆ. ಟಿವಿಗೆ ಹೋಗುವ ಚಿತ್ರದಲ್ಲಿ ಬಣ್ಣದ ವಿವರ ಬೆಳಕಿನ ವಿವರದ ಕಾಲು ಭಾಗ ಮಾತ್ರ ಉಳಿದಿರುತ್ತದೆ. ಗಾಢ ಕೆಂಪಿನ ಮೇಲೆ ಸಣ್ಣ ನೀಲಿ ಬುಟ್ಟಾ ಹಾಕಿದರೆ ಮನೆಯ ಟಿವಿಯಲ್ಲಿ ಕಲಸಿದ ಹಾಗೆ ಕಾಣುತ್ತದೆ. ಒಂದೆರಡು ಛಾಯೆ ಇಳಿಸಿ, ವಿನ್ಯಾಸ ದೊಡ್ಡದಿರಲಿ. ತೀರಾ ಸಣ್ಣ ಚೌಕಳಿ, ಗೆರೆಗಳೂ ಬೇಡ, ಅಲೆಯಾಡುತ್ತವೆ.

ಜರಿಯ ವಿಷಯದಲ್ಲಿ ಮೈಸೂರು ರೇಷ್ಮೆಯ ಹುಚ್ಚು ಒಂದಿದೆ. ಮೈಸೂರಿನ ಸರ್ಕಾರಿ ನೇಯ್ಗೆ ಕಾರ್ಖಾನೆ ಶುರುವಾದದ್ದು 1912ರಲ್ಲಿ. 1880ರ ಕಥೆಯ ನಾಯಕಿಗೆ ಆ ಕ್ರೇಪ್ ಸೀರೆ ಉಡಿಸಿ ‘ರಾಯಲ್ ಲುಕ್’ ಅಂದರೆ ಏನು ಹೇಳುವುದು! ಇಂದಿನ ಪ್ಲಾಸ್ಟಿಕ್ ಜರಿ ನೂರು ವರ್ಷ ಇಟ್ಟರೂ ಕಂದುವುದಿಲ್ಲ. ಬೆಳ್ಳಿಯ ಜರಿ ಕಪ್ಪಿಡುತ್ತದೆ, ಪೆಟ್ಟಿಗೆಯಲ್ಲಿ ಮಡಚಿಟ್ಟ ಗೆರೆಯಲ್ಲಿ ಮುರಿಯುತ್ತದೆ. ಕಪ್ಪು ಕಂದು ಬಣ್ಣವನ್ನು ಒಣ ಬ್ರಷ್ಷಿನಲ್ಲಿ ಆ ಮಡಿಕೆಯ ಗೆರೆಗೆ ಮಾತ್ರ ತಾಗಿಸಿದರೆ ಅಮ್ಮನ ಧಾರೆ ಸೀರೆ ಮಗಳ ಕೈಗೆ ಬಂದಿದೆ ಅಂತ ಗೊತ್ತಾಗುತ್ತದೆ.

ಇಷ್ಟೆಲ್ಲ ಆಗಬೇಕಾದರೆ ಮುಖ್ಯ ಪಾತ್ರದ ಸೀರೆಯನ್ನು ಒಂದೇ ಸಲ, ಒಂದೇ ಮಗ್ಗದಿಂದ ಮೂರು ತರಿಸಿ: ಹೊಸದು, ನಡುವಿನದು, ಹಳೆಯದು. ಆರು ತಿಂಗಳ ಮೇಲೆ ಅದೇ ಬಣ್ಣ ಕೇಳಿದರೆ ಬಣ್ಣದ ಪಾಕವೇ ಬೇರೆಯಾಗಿರುತ್ತದೆ. ಸೆರಗಿನ ಒಳ ಅಂಚಿಗೆ ಒಂದು, ಎರಡು, ಮೂರು ಎಳೆ ದಾರದ ಗುರುತು ಹಾಕಿಡಿ. ದೃಶ್ಯಗಳು ಹಿಂದುಮುಂದಾಗಿ ಶೂಟ್ ಆಗುವುದರಿಂದ ಫೋಟೊ ಇದ್ದರೂ ಅವಸರದಲ್ಲಿ ತಪ್ಪು ಸೀರೆ ಕೈಗೆ ಬರುತ್ತದೆ, ದಾರ ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ.

ಮೂರನೆಯದು ಉಡಲಾಗದಷ್ಟು ಹಳೆಯದಾದ ಮೇಲೂ ಬಿಸಾಡಬೇಡಿ. ಅದರ ಗಟ್ಟಿ ಭಾಗದಲ್ಲಿ ಮಗಳಿಗೊಂದು ಲಂಗ ಹೊಲಿಸಿ, ಕೆಳಗೆ ಎರಡು ಒಳಮಡಿಕೆ ಬಿಡಿ. ಉಳಿದ ಚೂರು ಕೌದಿಗೆ ಹೋಗಲಿ. ಕಥೆಯಲ್ಲಿ ಎರಡು ವರ್ಷ ಕಳೆದು ಹುಡುಗಿ ಬೆಳೆದಾಗ ಒಂದು ಮಡಿಕೆ ಬಿಚ್ಚಿ. ಬಿಸಿಲು ಕಾಣದ ಆ ಎರಡು ಬೆರಳಗಲದ ಪಟ್ಟಿ ಮಾಸಿದ ಲಂಗದ ಸುತ್ತ ಗಾಢ ಹಸಿರಾಗಿ ಉಳಿದಿರುತ್ತದೆ. ದಯವಿಟ್ಟು ಅದಕ್ಕೆ ಚಹಾ ಹಾಕಿ ಸಮ ಮಾಡಬೇಡಿ.